ಬರಲಿರುವ ಮೋಟಾರು ಪಂದ್ಯದಾಟವೂ ಕುರ್ಲಾದ ಒಂದು ಮನೆಯ ಬೋನಸ್ಸೂ

ದೀಪಾವಳಿಯ ಬೋನಸ್ಸು ಕೈ ಸೇರುವ ಮೊದಲೇ ಅದರ ಖರ್ಚಿಗೆ ನಾಲ್ಕು ದಾರಿಗಳು ಹುಟ್ಟಿಕೊಳ್ಳುವುದು ಮುಂಬಯಿಯ ನಮ್ಮ ಕನ್ನಡಿಗರ ಮನೆಗಳಲ್ಲಿ ಹೊಸ ಸಂಗತಿಯಲ್ಲ. ಊರಿನ ಮನೆಯ ಮಾಡಿಗೆ ಹೆಂಚು, ತಂಗಿಯ ಮಗುವಿಗೆ ತೊಟ್ಟಿಲು, ಚೀಟಿಯ ಕಂತು, ಸಂಘದ ಚಂದಾ, ಹೀಗೆ ಪಟ್ಟಿ ಬೆಳೆಯುತ್ತದೆ. ಆದರೆ 2025ರ ಅಕ್ಟೋಬರ್ ತಿಂಗಳಲ್ಲಿ ಕುರ್ಲಾ ಪೂರ್ವದ ನೆಹರೂನಗರದ ಒಂದು ಮನೆಯಲ್ಲಿ ಈ ಪಟ್ಟಿಗೆ ಸೇರಿದ ಬಾಬು ಮಾತ್ರ ನಾನು ಹಿಂದೆಂದೂ ಕೇಳದಿದ್ದುದು. ಇನ್ನೂ ಹುಟ್ಟದಿದ್ದ ಒಂದು ಆಟಕ್ಕಾಗಿ ಒಂದೂವರೆ ಲಕ್ಷ ರೂಪಾಯಿಯ ಯಂತ್ರ!

ಆ ಮನೆಯ ಯಜಮಾನರು ನನ್ನ ಹಳೆಯ ಪರಿಚಿತರು; ಕುಂದಾಪುರದ ಕಡೆಯವರು. ಹದಿನಾರನೆಯ ವಯಸ್ಸಿನಲ್ಲಿ ಮುಂಬಯಿಗೆ ಬಂದು, ಲೋಟ ತೊಳೆದು, ಮೇಜು ಒರೆಸಿ, ಮಾಣಿಯಾಗಿ ದುಡಿದು, ಈಗ ಕುರ್ಲಾ ಪಶ್ಚಿಮದ ಒಂದು ಹೋಟೆಲಿನಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತುಕೊಳ್ಳುವವರು. ನಾನು ಕಚೇರಿಯೊಂದರಲ್ಲಿ ಕಂಪ್ಯೂಟರುಗಳ ಖರೀದಿಯ ಕಾಗದಪತ್ರ ನೋಡುವ ಗುಮಾಸ್ತ. ಆದುದರಿಂದಲೇ ಅವರು, “ನೀವು ಒಮ್ಮೆ ಬಂದು ಆ ಪಟ್ಟಿಯನ್ನು ನೋಡಬೇಕು ಮಾರಾಯ್ರೆ. ಮಾಣಿ ಹೇಳುವುದರಲ್ಲಿ ರೂಪಾಯಿಯ ಲೆಕ್ಕ ಒಂದನ್ನು ಬಿಟ್ಟು ನನಗೆ ಬೇರೇನೂ ಅರ್ಥವಾಗುವುದಿಲ್ಲ” ಎಂದು ಕರೆದರು. ಅಂದು ಅವರ ಮನೆಯಲ್ಲಿ ನಡೆದಂತಹ ವಿಚಾರ ನಮ್ಮ ಅನೇಕ ವಾಚಕರ ಮನೆಗಳಲ್ಲಿಯೂ ಇಂದಲ್ಲ ನಾಳೆ ನಡೆಯುವಂಥದು. ಅದಕ್ಕಾಗಿಯೇ ಈ ಲೇಖನ.

ಹುಡುಗನ ಪಟ್ಟಿ

ಹುಡುಗ ಕಾಲೇಜಿನ ಎರಡನೆಯ ವರ್ಷದಲ್ಲಿ ಓದುತ್ತಿದ್ದ. ಕೆಟ್ಟ ಚಟವಿಲ್ಲ, ಎದುರು ಮಾತಿಲ್ಲ. ಆದರೆ ಮೋಟಾರು ಎಂದರೆ ಪ್ರಾಣ. ಅವನು ಕಾಯುತ್ತಿದ್ದ ಆಟದ ಹೆಸರು ‘ಫೋರ್ಜಾ ಹೊರೈಜನ್ 6’. 2025ರ ಸೆಪ್ಟೆಂಬರ್ 25ರಂದು, ಟೋಕಿಯೋ ನಗರದ ಆಟಗಳ ಪ್ರದರ್ಶನದ ಸಂದರ್ಭದಲ್ಲಿ ಮೈಕ್ರೋಸಾಫ್ಟ್ ಸಂಸ್ಥೆ ಅದನ್ನು ಸಾರಿತ್ತು. ಇದೇ ಮಾಲೆಯ ಹಿಂದಿನ ಆಟ ಮೆಕ್ಸಿಕೋ ದೇಶದಲ್ಲಿ ನಡೆಯುವಂಥದು, ಇದು ಜಪಾನಿನಲ್ಲಿ. ಫ್ಯೂಜಿ ಪರ್ವತವೂ ಟೋಕಿಯೋದ ಬೀದಿಗಳೂ ಅದರಲ್ಲಿರುವುವೆಂದೂ, ಬಿಡುಗಡೆಯ ವರ್ಷ 2026 ಎಂದೂ, ಮೊದಲು ಎಕ್ಸ್‌ಬಾಕ್ಸ್ ಯಂತ್ರಕ್ಕೆ ಮತ್ತು ಕಂಪ್ಯೂಟರಿಗೆ, ಅನಂತರ ಪ್ಲೇಸ್ಟೇಷನ್ 5ಕ್ಕೆ ಬರುವುದೆಂದೂ ತಿಳಿಸಲಾಗಿತ್ತು.

ಹುಡುಗನ ಕೈಯಲ್ಲಿದ್ದುದು ಅಂಗಡಿಯವರು ಬರೆದುಕೊಟ್ಟ ಅಂದಾಜು. ಆಟದ ನಿರ್ಮಾಪಕರು ಇಂಥ ಯಂತ್ರ ಬೇಕು ಎಂದು ಹೇಳಿದ ಕಾಗದ ಅವನಲ್ಲಿರಲಿಲ್ಲ.

“ಈ ಪಟ್ಟಿಯ ಯಂತ್ರವೇ ಬೇಕೆಂದು ನಿನಗೆ ಹೇಳಿದವರು ಯಾರು?” ಎಂದು ಕೇಳಿದೆ.

“ಎಲ್ಲರೂ ಹೇಳುತ್ತಾರೆ ಮಾಮಾ. ಚಿತ್ರ ನೋಡಿದರೇ ಗೊತ್ತಾಗುವುದಿಲ್ಲವೇ, ಎಂಥ ಯಂತ್ರ ಬೇಕಾದೀತು ಎಂದು?”

ತಂದೆ ನನ್ನ ಕಡೆ ನೋಡಿದರು. ಬೋನಸ್ಸನ್ನೂ ಎರಡು ವರ್ಷದ ಚೀಟಿಯ ಹಣವನ್ನೂ ಕೂಡಿಸಿದರೆ ಅವರಲ್ಲಿದ್ದುದು ಒಂದು ಲಕ್ಷ ಅರುವತ್ತು ಸಾವಿರ. ಅದು ಊರಿನ ಮನೆಯ ಮಾಡಿಗೆಂದು ಮೀಸಲಿಟ್ಟ ಹಣ. ಎರಡು ಮಳೆಗಾಲಗಳಿಂದ ವೃದ್ಧ ತಾಯಿ ಮಂಚವನ್ನು ಕೋಣೆಯ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಎಳೆದುಕೊಂಡು ಮಲಗುತ್ತಿದ್ದರು.

ಕುರ್ಲಾದ ಮೋಟಾರು

ಮೋಟಾರಿನ ಮೋಹಕ್ಕಾಗಿ ಹುಡುಗನನ್ನು ಹಳಿಯುವುದು ನ್ಯಾಯವಲ್ಲ. ಆ ಮೋಹ ಕುರ್ಲಾದ ಗಾಳಿಯಲ್ಲಿಯೇ ಇದೆ. ಸೇಠ್ ವಾಲ್‌ಚಂದ್ ಹೀರಾಚಂದರು 1944ರಲ್ಲಿ ಸ್ಥಾಪಿಸಿದ ಪ್ರೀಮಿಯರ್ ಆಟೋಮೊಬೈಲ್ಸ್ ಕಂಪೆನಿಯ ಕಾರ್ಖಾನೆ ಇದ್ದುದು ಇಲ್ಲಿಯೇ. ಇಟಲಿಯ ಫಿಯೆಟ್ ಸಂಸ್ಥೆಯೊಡನೆ ಮಾಡಿಕೊಂಡ ಒಪ್ಪಂದದಂತೆ ಫಿಯೆಟ್ 1100 ಕಾರುಗಳು ಇಲ್ಲಿಂದ ಹೊರಟವು; 1970ರ ದಶಕದಲ್ಲಿ ಅದೇ ಕಾರು ‘ಪ್ರೀಮಿಯರ್ ಪದ್ಮಿನಿ’ ಎಂಬ ಹೆಸರು ಪಡೆಯಿತು. 1089 ಘನ ಸೆಂಟಿಮೀಟರಿನ ಆ ಪುಟ್ಟ ಎಂಜಿನು ಕರಿ-ಹಳದಿ ಬಣ್ಣದ ಟ್ಯಾಕ್ಸಿಯಾಗಿ ಮುಂಬಯಿಯನ್ನು ಹೊತ್ತು ತಿರುಗಿದ್ದನ್ನು ನಮ್ಮಲ್ಲಿ ನೋಡದವರಾರು? 2003ರ ಅಕ್ಟೋಬರ್ 29ರಂದು ನೋಂದಣಿಯಾದ ಕೊನೆಯ ಪದ್ಮಿನಿ ಟ್ಯಾಕ್ಸಿ, ನಿಯಮದ 20 ವರ್ಷ ತುಂಬಿ, 2023ರ ಅಕ್ಟೋಬರ್ ಕೊನೆಗೆ ರಸ್ತೆಯಿಂದ ಮರೆಯಾಯಿತು.

“ಪಾಳಿ ಬಿಟ್ಟೊಡನೆ ಕಾರ್ಖಾನೆಯವರು ಬರುತ್ತಿದ್ದರು. ಕೈಗೆಲ್ಲ ಎಣ್ಣೆ. ಕಪ್ಪಿನ ಕಿವಿ ಕರಿಯಾಗುತ್ತಿತ್ತು, ತೊಳೆಯುವವನು ನಾನು” ಎಂದು ತಂದೆ ನಕ್ಕರು. ಕಬ್ಬಿಣದಿಂದ ಮೋಟಾರು ಮಾಡಿದ ಊರಿನಲ್ಲಿ ಈಗ ಅಂಕೆಗಳಿಂದ ಮಾಡಿದ ಮೋಟಾರು ಓಡಿಸುವ ಆಸೆ ಹುಟ್ಟಿದೆ, ಅಷ್ಟೆ. ಆದರೆ ಅಂಕೆಗಳ ಮೋಟಾರಿಗೂ ಪೆಟ್ರೋಲು ಬೇಕು. ಅದು ಯಾವುದೆಂಬುದನ್ನು ತಿಳಿದರೆ ಪಟ್ಟಿಯ ಸತ್ಯಾಸತ್ಯ ತಾನಾಗಿ ಹೊರಬರುವುದು.

ಏನನ್ನು ನಿರೀಕ್ಷಿಸುತ್ತಾರೆ?

ಮೋಟಾರು ಆಟಗಳಲ್ಲಿ ಎರಡು ಬಗೆ. ಒಂದು, ಗುಂಡಿ ಒತ್ತಿದರೆ ಓಡುವ ಸಲೀಸಾದ ಆಟ. ಇನ್ನೊಂದು, ನಿಜವಾದ ವಾಹನದ ತೂಕ, ಟಯರಿನ ಹಿಡಿತ, ಬ್ರೇಕಿನ ಬಿಸಿ ಮುಂತಾದುವನ್ನೆಲ್ಲ ಲೆಕ್ಕಹಾಕಿ ತದ್ರೂಪವಾಗಿ ತೋರಿಸುವ ಆಟ. ಇದಕ್ಕೆ ಸಿಮ್ಯುಲೇಶನ್ ಎನ್ನುತ್ತಾರೆ. ಇಟಲಿಯ ಕೂನೋಸ್ ಸಂಸ್ಥೆಯ ‘ಅಸೆಟ್ಟೋ ಕೋರ್ಸಾ’ ಈ ಎರಡನೆಯ ಬಗೆಗೆ ಸೇರಿದುದು. ಹುಡುಗನ ‘ಹೊರೈಜನ್’ ಎರಡರ ನಡುವಣದು.

ಹೊಸ ಆಟವೊಂದು ಬರುವುದೆಂದಾಗ ಉತ್ಸಾಹಿಗಳು ನಿರೀಕ್ಷಿಸುವ ಗುಣಗಳು ಸಾಮಾನ್ಯವಾಗಿ ಒಂದೇ: ವಿಶಾಲವಾದ ದೇಶ, ಋತುಮಾನ, ಮಳೆಯಲ್ಲಿ ಒದ್ದೆಯಾದ ರಸ್ತೆಯ ಹೊಳಪು, ಹೆಚ್ಚಿನ ಕಾರುಗಳು, ಬುದ್ಧಿಯಿರುವ ಎದುರಾಳಿಗಳು, ಟಯರು ಸವೆಯುವ ನಿಜವಾದ ಲೆಕ್ಕ, ಕೈಗೆ ಪ್ರತಿಬಲ ಕೊಡುವ ಸ್ಟಿಯರಿಂಗು. ಹೋಟೆಲಿನ ಊಟದ ಪಟ್ಟಿಯಲ್ಲಿ ಪ್ರತಿಯೊಂದು ತಿನಿಸಿಗೂ ಅಡಿಗೆಮನೆಯಲ್ಲಿ ಬೇರೆ ಬೇರೆ ಒಲೆಯಿರುವಂತೆ, ಈ ಪ್ರತಿಯೊಂದು ಗುಣಕ್ಕೂ ಯಂತ್ರದ ಬೇರೆ ಬೇರೆ ಅಂಗ ದುಡಿಯಬೇಕಾಗುತ್ತದೆ.

ಯಾವ ಅಂಗಕ್ಕೆ ಯಾವ ಕೆಲಸ?

ಕಣ್ಣಿಗೆ ಕಾಣುವ ಅಂದವೆಲ್ಲ ಗ್ರಾಫಿಕ್ಸ್ ಕಾರ್ಡಿನ ದುಡಿಮೆ. ಸಾಧಾರಣವಾದ ತೆರೆಯೊಂದರಲ್ಲಿ ಅಡ್ಡಲಾಗಿ 1,920, ಉದ್ದಕ್ಕೆ 1,080 ಚುಕ್ಕೆಗಳಿರುತ್ತವೆ; ಗುಣಿಸಿದರೆ 20,73,600. ಚಿತ್ರ ಸರಾಗವಾಗಿ ಓಡಬೇಕಾದರೆ ಸೆಕೆಂಡಿಗೆ 60 ಬಾರಿ ಹೊಸ ಚಿತ್ರ ಬರೆಯಬೇಕು. ಅಂದರೆ ಒಂದು ಸೆಕೆಂಡಿಗೆ 12,44,16,000 ಚುಕ್ಕೆಗಳಿಗೆ ಬಣ್ಣ ಹಚ್ಚಬೇಕು! ‘4ಕೆ’ ಎಂದು ಹೆಸರಾದ ದೊಡ್ಡ ತೆರೆಯಾದರೆ ಈ ಲೆಕ್ಕ ನೇರವಾಗಿ ನಾಲ್ಕು ಪಟ್ಟು. ಹುಡುಗನ ಪಟ್ಟಿಯ ಅರ್ಧ ಹಣ ಹೋಗುತ್ತಿದ್ದುದು 4ಕೆ ತೆರೆಗೆ ತಕ್ಕ ಕಾರ್ಡಿಗೆ. ಅವನ ಮನೆಯಲ್ಲಿದ್ದ ತೆರೆ ಮಾತ್ರ ಸಾಧಾರಣದ್ದು. ಇಬ್ಬರು ಉಣ್ಣುವ ಮನೆಗೆ ಮದುವೆಯ ಹಂಡೆ ತಂದಂತೆ ಅದು.

ಟಯರು, ಎದುರಾಳಿ ಮುಂತಾದುವುಗಳ ಲೆಕ್ಕ ಪ್ರೊಸೆಸರಿನ ಪಾಲು. 2023ರ ಅಕ್ಟೋಬರ್ 10ರಂದು ಬಿಡುಗಡೆಯಾದ ‘ಫೋರ್ಜಾ ಮೋಟಾರ್‌ಸ್ಪೋರ್ಟ್’ ಆಟದಲ್ಲಿ ಟಯರಿನ ಲೆಕ್ಕವನ್ನು ಹೇಗೆ ಹೆಚ್ಚಿಸಿದರೆಂದು ಅದರ ನಿರ್ಮಾಪಕರೇ ಹೇಳಿದ್ದಾರೆ. ಹಿಂದಿನ ಆಟದಲ್ಲಿ ಟಯರು ನೆಲ ಮುಟ್ಟುವುದನ್ನು ಒಂದೇ ಬಿಂದುವಿನಲ್ಲಿ, ಸೆಕೆಂಡಿಗೆ 60 ಬಾರಿ ಎಣಿಸುತ್ತಿದ್ದರು; ಹೊಸದರಲ್ಲಿ 8 ಬಿಂದುಗಳಲ್ಲಿ, ಸೆಕೆಂಡಿಗೆ 360 ಬಾರಿ. ಎಂಟನ್ನು ಆರರಿಂದ ಗುಣಿಸಿದರೆ 48 ಪಟ್ಟು ಹೆಚ್ಚಿನ ಲೆಕ್ಕ. ಇದು ಚಿತ್ರದಲ್ಲಿ ಕಾಣುವುದಿಲ್ಲ. ತಿರುವಿನಲ್ಲಿ ಕಾರು ಜಾರುವಾಗ ಕೈಗೆ ತಿಳಿಯುತ್ತದೆ.

ರ‍್ಯಾಮ್ ಎಂಬುದು ಅಡಿಗೆ ಭಟ್ಟರ ಮುಂದಿನ ಹಲಗೆ. ಒಡನೆಯೇ ಬೇಕಾದುದನ್ನೆಲ್ಲ ಹರಡಿಟ್ಟುಕೊಳ್ಳುವ ಸ್ಥಳ. 1997ರಲ್ಲಿ ಜಪಾನಿನಲ್ಲಿ ಬಿಡುಗಡೆಯಾಗಿ ಲೋಕವನ್ನು ಬೆರಗುಗೊಳಿಸಿದ ‘ಗ್ರಾನ್ ತುರಿಸ್ಮೋ’ ಓಡಿದುದು 2 ಎಂಬಿ ಮುಖ್ಯ ಸ್ಮರಣೆಯ ಪ್ಲೇಸ್ಟೇಷನ್ನಿನಲ್ಲಿ. ಇಂದು 16 ಜಿಬಿ ಎಂದರೆ ಅದರ ಎಂಟು ಸಾವಿರ ಪಟ್ಟಿಗಿಂತಲೂ ಹೆಚ್ಚು. ಕೊನೆಯದಾಗಿ ಉಗ್ರಾಣ, ಅಂದರೆ ಡಿಸ್ಕು. ಇಡೀ ದೇಶದ ರಸ್ತೆ, ಮರ, ಮನೆಗಳು ಅಲ್ಲಿರುತ್ತವೆ. ಕಾರು ವೇಗವಾಗಿ ಓಡುವಾಗ ಮುಂದಿನ ರಸ್ತೆಯನ್ನು ಉಗ್ರಾಣದಿಂದ ಅಷ್ಟೇ ವೇಗವಾಗಿ ತರಬೇಕು. ಹಳೆಯ ಕಾಲದ ತಿರುಗುವ ಹಾರ್ಡ್ ಡಿಸ್ಕು ಇದಕ್ಕೆ ನಿಧಾನ, ಎಸ್‌ಎಸ್‌ಡಿ ಬೇಕು.

ಹಿಂದಿನ ಪಟ್ಟಿಗಳ ಸಾಕ್ಷ್ಯ

“ಹಾಗಾದರೆ ಬರಲಿರುವ ಆಟಕ್ಕೆ ಎಷ್ಟು ಬೇಕಾದೀತು?” ಎಂದು ತಂದೆ ಕೇಳಿದರು. ಬಾರದ ಆಟದ ಜಾತಕ ಬರೆಯಲು ಯಾರಿಗೂ ಸಾಧ್ಯವಿಲ್ಲ. ಆದರೆ ಅದೇ ಮನೆತನದ ಹಿಂದಿನ ಆಟಗಳು ಕೇಳಿದುದೇನು ಎಂಬುದು ದಾಖಲೆಯಲ್ಲಿದೆ.

‘ಫೋರ್ಜಾ ಹೊರೈಜನ್ 5’ ಬಿಡುಗಡೆಯಾದುದು 2021ರ ನವೆಂಬರ್ 9ರಂದು. ಅದರ ನಿರ್ಮಾಪಕರ ಪಟ್ಟಿಯಲ್ಲಿ ಕನಿಷ್ಠ ಅಗತ್ಯವೆಂದು ಬರೆದುದು ಇಂಟೆಲ್ ಐ5-4460 ಪ್ರೊಸೆಸರು, 8 ಜಿಬಿ ರ‍್ಯಾಮ್, ಎನ್‌ವಿಡಿಯಾ ಜಿಟಿಎಕ್ಸ್ 970 ಕಾರ್ಡು, 110 ಜಿಬಿ ಉಗ್ರಾಣ. ಈ ಪ್ರೊಸೆಸರು ಮತ್ತು ಈ ಕಾರ್ಡು ಎರಡೂ ಮಾರುಕಟ್ಟೆಗೆ ಬಂದುದು 2014ರಲ್ಲಿ. ಎಂದರೆ ಏಳು ವರ್ಷ ಹಳೆಯ ಯಂತ್ರವನ್ನು ಹೊಸ ಆಟ ಒಪ್ಪಿಕೊಂಡಿತು!

2023ರ ‘ಫೋರ್ಜಾ ಮೋಟಾರ್‌ಸ್ಪೋರ್ಟ್’ ಮೂರು ಸಾಲುಗಳ ಪಟ್ಟಿ ಕೊಟ್ಟಿತು. ಕೆಳಗಿನ ಸಾಲಿನಲ್ಲಿ ಐ5-8400 ಪ್ರೊಸೆಸರು, 8 ಜಿಬಿ ರ‍್ಯಾಮ್, ಜಿಟಿಎಕ್ಸ್ 1060 ಕಾರ್ಡು. ನಡುವಿನ ಸಾಲಿನಲ್ಲಿ 16 ಜಿಬಿ ರ‍್ಯಾಮ್, ಆರ್‌ಟಿಎಕ್ಸ್ 2080 ಟಿಐ. ಮೇಲಿನ ಸಾಲಿನಲ್ಲಿ 32 ಜಿಬಿ ರ‍್ಯಾಮ್, ಆರ್‌ಟಿಎಕ್ಸ್ 4080. ಉಗ್ರಾಣ ಮಾತ್ರ ಮೂರಕ್ಕೂ 130 ಜಿಬಿ, ಅದೂ ಎಸ್‌ಎಸ್‌ಡಿಯೇ ಆಗಿರಬೇಕು.

ಇವುಗಳಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಮೊದಲನೆಯದು, ಹುಡುಗನ ಗೆಳೆಯರು ಮಾತಾಡುವುದು ಯಾವಾಗಲೂ ಮೇಲಿನ ಸಾಲನ್ನು. ಆಟ ಓಡುವುದು ಕೆಳಗಿನ ಸಾಲಿನಿಂದಲೂ ಹೌದು. ಕೆಳಗಿನ ಸಾಲಿನಲ್ಲಿ ಮಳೆಯ ಹೊಳಪು ಕಡಮೆಯಾದೀತು, ದೂರದ ಮರ ಮಸುಕಾದೀತು. ಆದರೆ ಓಟ ಓಟವೇ. ಎರಡನೆಯದು, ಆಟದಿಂದ ಆಟಕ್ಕೆ ಬಿಗಿಯಾಗುತ್ತ ಬಂದುದು ಉಗ್ರಾಣದ ಷರತ್ತು. ಆದುದರಿಂದ ಹಣ ಕಡಮೆಯಿರುವವರು ಮೊದಲು ನೋಡತಕ್ಕದ್ದು ಎಸ್‌ಎಸ್‌ಡಿಯನ್ನು. ಅದೊಂದು ಬದಲಾದರೆ ಓದು, ಬರಹ, ಕಚೇರಿಯ ಕೆಲಸಗಳೂ ಚುರುಕಾಗುತ್ತವೆ. ಆಟ ಬಾರದೆ ಹೋದರೂ ಆ ಹಣ ವ್ಯರ್ಥವಾಗದು.

ಕಾಗದದಲ್ಲಿ ಕಾಣದ ಖರ್ಚು

ಅಂಗಡಿಯ ಪಟ್ಟಿಯಲ್ಲಿ ಬರೆಯದ ಕೆಲವು ಖರ್ಚುಗಳನ್ನು ನಮ್ಮ ವಾಚಕರು ಗಮನಿಸಬೇಕು.

ಆಟವನ್ನು ಅಂತರ್ಜಾಲದಿಂದ ಇಳಿಸಿಕೊಳ್ಳಬೇಕು. 110 ಜಿಬಿಯ ಆಟವನ್ನು ದಿನಕ್ಕೆ 2 ಜಿಬಿ ಕೊಡುವ ಮೊಬೈಲಿನ ಲೆಕ್ಕದಲ್ಲಿ ಇಳಿಸಲು 55 ದಿನ ಬೇಕು. ಮನೆಗೆ ಬೇರೆ ತಂತಿಯ ಸಂಪರ್ಕ ತೆಗೆದುಕೊಂಡರೆ ಅದರ ಮಾಸಿಕ ಬಾಡಿಗೆಯನ್ನು ಆಟದ ಬೆಲೆಗೆ ಕೂಡಿಸಬೇಕು. ಆಟದ ಯಂತ್ರ ದುಡಿಯುವಾಗ 500 ವ್ಯಾಟು ಎಳೆಯುವುದೆಂದಿಟ್ಟುಕೊಂಡರೆ ದಿನಕ್ಕೆ ಎರಡು ಗಂಟೆಯ ಆಟಕ್ಕೆ ತಿಂಗಳಿಗೆ 30 ಯೂನಿಟು ವಿದ್ಯುತ್ತು.

ಹಳೆಯ ಯಂತ್ರ ಕೊಳ್ಳುವವರಿಗೆ ಮತ್ತೊಂದು ಎಚ್ಚರಿಕೆ. ಮೈಕ್ರೋಸಾಫ್ಟ್ ಸಂಸ್ಥೆ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು 2025ರ ಅಕ್ಟೋಬರ್ 14ರಂದು ನಿಲ್ಲಿಸಿತು. ವಿಂಡೋಸ್ 11 ಇಂಟೆಲಿನ ಎಂಟನೆಯ ಪೀಳಿಗೆಗಿಂತ ಹಳೆಯ ಸಾಧಾರಣ ಪ್ರೊಸೆಸರುಗಳನ್ನು ಅಧಿಕೃತವಾಗಿ ಒಪ್ಪುವುದಿಲ್ಲ. ಐ5-4460ರಂತಹ ಯಂತ್ರ ಅಗ್ಗವಾಗಿ ಸಿಕ್ಕಿತೆಂದು ಕೊಂಡರೆ ಈ ತೊಡಕು ಬೆನ್ನಿಗೇ ಬರುವುದು. ಐ5 ಎಂಬ ಹೆಸರಿನ ಮುಂದಿನ ಅಂಕೆ 8 ಸಾವಿರಕ್ಕಿಂತ ಮೇಲಿದೆಯೇ ಎಂದು ಮೊದಲು ನೋಡಿ.

ಆಟದ ಬಾಳ್ವೆಯ ಪ್ರಶ್ನೆಯೂ ಇದೆ. ‘ದಿ ಕ್ರೂ’ ಎಂಬ ಮೋಟಾರು ಆಟ 2014ರಲ್ಲಿ ಬಂದಿತು. ಅದು ಸದಾ ಕಂಪೆನಿಯ ದೂರದ ಯಂತ್ರಕ್ಕೆ ಜೋಡಿಸಿಕೊಂಡೇ ಇರಬೇಕಾಗಿತ್ತು. 2024ರ ಮಾರ್ಚ್ 31ರಂದು ಆ ಯಂತ್ರವನ್ನು ನಿಲ್ಲಿಸಿದಾಗ ಹಣ ಕೊಟ್ಟು ಕೊಂಡವರೂ ಆಡಲಾಗದೆ ಹೋದರು. ‘ಫೋರ್ಜಾ ಹೊರೈಜನ್ 4’ 2024ರ ಡಿಸೆಂಬರ್ 15ರಂದು ಮಾರಾಟದಿಂದ ಮರೆಯಾಯಿತು. ಒಂದು ಆಟವನ್ನೇ ನಂಬಿ ಲಕ್ಷ ಸುರಿಯುವವರು ಇದನ್ನು ನೆನೆಯಬೇಕು.

ಅರೆಬೆಂದ ಆಟಗಳನ್ನು ಮುಂಗಡ ಮಾರುವ ಪದ್ಧತಿಯೂ ಬಂದಿದೆ. ‘ಅಸೆಟ್ಟೋ ಕೋರ್ಸಾ ಇವೋ’ 2025ರ ಜನವರಿ 16ರಂದು ಹೀಗೆ ಮಾರಾಟಕ್ಕೆ ಬಂದಾಗ ಅದರಲ್ಲಿದ್ದುದು 20 ಕಾರುಗಳು, 5 ಓಟದ ಮಾರ್ಗಗಳು. ಉಳಿದುದು ಕಂತುಕಂತಾಗಿ ಬರುವುದೆಂಬ ಭರವಸೆ. ಇದು ಮೋಸವಲ್ಲ; ಹಾಗೆಂದು ಹೇಳಿಯೇ ಮಾರುತ್ತಾರೆ. ಆದರೆ ಅನ್ನ ಬೇಯುವ ಮೊದಲೇ ಊಟದ ಕೂಪನು ಕೊಂಡವನು ಎಲೆಯ ಮುಂದೆ ಕಾಯಲು ಸಿದ್ಧನಿರಬೇಕು.

ಕಾಯುವವರಿಗೂ ನಷ್ಟವೇ ಇಲ್ಲವೆಂದು ಹೇಳಲಾರೆ. 2025ರ ಕೊನೆಯ ತಿಂಗಳುಗಳಲ್ಲಿ ಕೃತಕ ಬುದ್ಧಿಯ ಯಂತ್ರಾಗಾರಗಳಿಗೆ ಬೇಡಿಕೆ ಹೆಚ್ಚಿ ರ‍್ಯಾಮಿನ ಬೆಲೆ ಜಗತ್ತಿನಾದ್ಯಂತ ಏರಿತು. ಆದುದರಿಂದ ಖಚಿತವಾಗಿ ಬೇಕಾದುದನ್ನು ಮೊದಲು ಕೊಂಡು, ಊಹೆಯಿಂದ ಬೇಕೆನಿಸಿದುದನ್ನು ನಿರ್ಮಾಪಕರ ಪಟ್ಟಿ ಬರುವವರೆಗೆ ತಡೆಹಿಡಿಯುವುದು ವಿವೇಕ.

ಲ್ಯಾಮಿಂಗ್ಟನ್ ರಸ್ತೆಯಲ್ಲಿ

ಮುಂದಿನ ಭಾನುವಾರ ನಾವು ಮೂವರೂ ಕುರ್ಲಾದಲ್ಲಿ ರೈಲು ಹತ್ತಿ, ದಾದರಿನಲ್ಲಿ ಬದಲಿಸಿ ಗ್ರಾಂಟ್ ರೋಡಿಗೆ ಇಳಿದೆವು. ಡಾ. ಭಡ್ಕಮ್ಕರ್ ಮಾರ್ಗವೆಂದು ಹೆಸರಿದ್ದರೂ ಜನರ ಬಾಯಲ್ಲಿ ಅದು ಲ್ಯಾಮಿಂಗ್ಟನ್ ರಸ್ತೆಯೇ; 1903ರಿಂದ 1907ರವರೆಗೆ ಮುಂಬಯಿಯ ಗವರ್ನರರಾಗಿದ್ದವರ ಹೆಸರು. ಹುಡುಗ ಕಾಯುತ್ತಿದ್ದ ಆಟವನ್ನು ತಯಾರಿಸುವ ಪ್ಲೇಗ್ರೌಂಡ್ ಗೇಮ್ಸ್ ಸಂಸ್ಥೆ ಇರುವುದು ಇಂಗ್ಲೆಂಡಿನ ಲೆಮಿಂಗ್ಟನ್ ಸ್ಪಾ ಪಟ್ಟಣದಲ್ಲಿ. “ಆಟ ಹುಟ್ಟುವುದು ಲೆಮಿಂಗ್ಟನ್ನಿನಲ್ಲಿ, ನಮ್ಮ ಜೇಬು ಖಾಲಿಯಾಗುವುದು ಲ್ಯಾಮಿಂಗ್ಟನ್ನಿನಲ್ಲಿ” ಎಂದೆ. ತಂದೆ ನಕ್ಕರು; ಮಗ ನಗಲಿಲ್ಲ.

ಹೊರಡುವ ಮೊದಲು ಮನೆಯಲ್ಲಿದ್ದ ಹಳೆಯ ಕಂಪ್ಯೂಟರನ್ನು ತೆರೆದು ನೋಡಿದ್ದೆವು. ಯಾವುದೋ ಕಚೇರಿ ತೆಗೆದುಹಾಕಿದ್ದನ್ನು ಸೋದರಮಾವ ಕೊಂಡುಕೊಟ್ಟಿದ್ದರು. ಒಳಗಿದ್ದುದು ಐ5-8400! ಹುಡುಗ ಇದನ್ನು ಕಸವೆಂದು ಬಗೆದಿದ್ದ. 2023ರ ಪಟ್ಟಿಯ ಕೆಳಗಿನ ಸಾಲಿನಲ್ಲಿದ್ದುದು ಇದೇ ಪ್ರೊಸೆಸರು. ಕೊರತೆಯಿದ್ದುದು ಎಸ್‌ಎಸ್‌ಡಿ, ಇನ್ನೊಂದು 8 ಜಿಬಿ ರ‍್ಯಾಮ್, ಒಂದು ಗ್ರಾಫಿಕ್ಸ್ ಕಾರ್ಡು. ಕಚೇರಿಯ ಯಂತ್ರಗಳಲ್ಲಿ ವಿದ್ಯುತ್ತು ಹಂಚುವ ಪೆಟ್ಟಿಗೆ ಚಿಕ್ಕದಿರುವುದರಿಂದ ಕಾರ್ಡಿನೊಡನೆ ಅದನ್ನೂ ಬದಲಿಸಬೇಕಾಗುತ್ತದೆ. ಇದನ್ನು ಮರೆತು ಕಾರ್ಡೊಂದನ್ನೇ ತಂದು ಪರದಾಡಿದವರು ಅನೇಕರು. ಬಳಸಿದ ಕಾರ್ಡನ್ನು ಕೊಳ್ಳುವವರು ಅಂಗಡಿಯಲ್ಲಿಯೇ ಅರ್ಧ ಗಂಟೆ ಓಡಿಸಿ ನೋಡತಕ್ಕದ್ದು, ಬಿಲ್ಲಿಲ್ಲದೆ ಕೊಳ್ಳತಕ್ಕದ್ದಲ್ಲ.

ಸ್ಟಿಯರಿಂಗ್ ಚಕ್ರವನ್ನು ಪಟ್ಟಿಯಿಂದ ಹೊಡೆದುಹಾಕಿದೆವು. ಅದನ್ನು ಗಟ್ಟಿಯಾದ ಮೇಜಿಗೆ ಬಿಗಿಯಬೇಕು. ಮನೆಯಲ್ಲಿದ್ದ ಒಂದೇ ಮೇಜಿನ ಮೇಲೆ ಸಂಜೆ ಚಪಾತಿ ಲಟ್ಟಿಸುತ್ತಾರೆ. ಹೊರೈಜನ್‌ನಂತಹ ಆಟಕ್ಕೆ ಕೈಯಲ್ಲಿ ಹಿಡಿಯುವ ಗುಂಡಿಗಳ ಸಾಧನ ಸಾಕು. ಯಂತ್ರದ ಪೆಟ್ಟಿಗೆಯನ್ನು ನೆಲದ ಮೇಲಿಡಬಾರದೆಂದೂ ಹೇಳಿದೆ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ 944 ಮಿಲಿಮೀಟರು ಮಳೆ ಸುರಿದು ಮೀಠೀ ನದಿ ಉಕ್ಕಿದುದನ್ನು ಕುರ್ಲಾದವರಿಗೆ ನೆನಪಿಸಬೇಕಾಗಿಲ್ಲ.

ಒಂದೂವರೆ ಲಕ್ಷದ ಪಟ್ಟಿ ಆರರಲ್ಲೊಂದು ಪಾಲಿಗೆ ಇಳಿಯಿತು. ಅದರಲ್ಲಿಯೂ ಆ ದಿನ ಕೊಂಡುದು ಎಸ್‌ಎಸ್‌ಡಿ ಮತ್ತು ರ‍್ಯಾಮ್ ಮಾತ್ರ. ಕಾರ್ಡು, ನಿರ್ಮಾಪಕರ ಪಟ್ಟಿ ಕೈಸೇರಿದ ಮೇಲೆ.

ಬೆಂಗಳೂರಿನ ಪಾಲು

ಹಿಂದಿರುಗುವಾಗ ಹುಡುಗ ಮೌನವಾಗಿದ್ದ. ಆಗ ಅವನಿಗೆ ಒಂದು ವಿಷಯ ಹೇಳಿದೆ. ಅವನು ಮೆಚ್ಚುವ ಆಟಗಳ ಕಾರುಗಳೆಲ್ಲ ವಿದೇಶದಲ್ಲಿಯೇ ತಯಾರಾದುವೆಂದು ಅವನು ತಿಳಿದಿದ್ದ. ಬೆಂಗಳೂರಿನಲ್ಲಿ ರಾಜೇಶ್ ರಾವ್ ಅವರು 1997ರಲ್ಲಿ ಸ್ಥಾಪಿಸಿದ ಧ್ರುವ ಇಂಟರಾಕ್ಟಿವ್ ಭಾರತದ ಮೊದಮೊದಲ ಆಟ-ತಯಾರಿಕೆಯ ಸಂಸ್ಥೆಗಳಲ್ಲಿ ಒಂದು. ‘ಫೋರ್ಜಾ’ ಮಾಲೆಯ ಆಟಗಳಿಗೆ ಬೇಕಾದ ಚಿತ್ರಕಾರ್ಯದಲ್ಲಿ ಅದೂ ಪಾಲುಗೊಂಡಿತ್ತು. 2016ರಲ್ಲಿ ಸ್ವೀಡನ್ನಿನ ಸ್ಟಾರ್‌ಬ್ರೀಜ್ ಸಂಸ್ಥೆ ಅದರ ಬಹುಪಾಲನ್ನು ಕೊಂಡಿತು. 2019ರಲ್ಲಿ ಅದು ರಾಕ್‌ಸ್ಟಾರ್ ಸಂಸ್ಥೆಯ ಕೈಸೇರಿ ಅದರ ಬೆಂಗಳೂರು ಶಾಖೆಯೊಡನೆ ಒಂದಾಯಿತು.

ಒಂದು ಕಾರನ್ನು ತೆರೆಯ ಮೇಲೆ ಕಟ್ಟುವುದೆಂದರೆ ನಿಜವಾದ ಕಾರಿನ ಅಳತೆ, ಭಾವಚಿತ್ರಗಳನ್ನು ಮುಂದಿಟ್ಟುಕೊಂಡು ಬಾಗಿಲಿನ ಬಿರುಕು, ದೀಪದ ಗಾಜು, ಆಸನದ ಹೊಲಿಗೆಗಳವರೆಗೆ ಸಾವಿರಾರು ಸಣ್ಣ ಮುಖಗಳಿಂದ ಜೋಡಿಸುವುದು. ಅದು ಅಕ್ಕಸಾಲಿಗನ ತಾಳ್ಮೆಯ ಕೆಲಸ. ಅದಕ್ಕೆ ಬಳಸಬಹುದಾದ ಬ್ಲೆಂಡರ್ ಎಂಬ ಸಾಧನ 2002ರಿಂದ ಎಲ್ಲರಿಗೂ ಮುಕ್ತವಾಗಿ ದೊರೆಯುತ್ತದೆ, ಕಾಸು ಬೇಡ. ಸಣ್ಣ ಮಾದರಿಗಳನ್ನು ಅವನ ಹಳೆಯ ಯಂತ್ರದಲ್ಲಿಯೇ ಮಾಡಬಹುದು.

ಕಲಿತೊಡನೆ ನೌಕರಿ ಕಾದಿದೆಯೆಂದು ನಾನು ಹೇಳಲಿಲ್ಲ. ಅಂಥ ಭರವಸೆ ಕೊಡುವ ಅಧಿಕಾರ ನನಗಿಲ್ಲ. ಯಂತ್ರ ಮನೆಗೆ ಬಂದ ಮೇಲೆ ಆಟವಾಡುವ ಎರಡು ಗಂಟೆ ಬಿಟ್ಟು ಉಳಿದ ಹೊತ್ತಿನಲ್ಲಿ ಅದು ಏನು ಮಾಡುತ್ತದೆಂಬುದನ್ನೂ ಕೊಳ್ಳುವವರು ಯೋಚಿಸಬೇಕೆಂದು ಮಾತ್ರ ಹೇಳಿದೆ.

ಕೊನೆಗೆ ಆದುದು

ಆ ದೀಪಾವಳಿಗೆ ಊರಿಗೆ ಹಣ ಹೋಯಿತು. ಹೆಂಚು ಬಂದಿಳಿದ ಚಿತ್ರವನ್ನು ಊರಿನಿಂದ ಮೊಬೈಲಿಗೆ ಕಳುಹಿಸಿದ್ದರು. ತಂದೆ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತು ಗಿರಾಕಿಗಳಿಗೂ ತೋರಿಸಿದರಂತೆ.

ಕೆಲವು ವಾರಗಳ ಬಳಿಕ ಒಂದು ರಾತ್ರಿ ಅವರ ಮನೆಗೆ ಹೋದಾಗ ಹುಡುಗ ತೆರೆಯ ಮುಂದೆ ಕುಳಿತಿದ್ದ. ಆಟವಾಡುತ್ತಿರಲಿಲ್ಲ. ಬ್ಲೆಂಡರಿನಲ್ಲಿ ಒಂದು ಕಾರು ಅರ್ಧ ಎದ್ದು ನಿಂತಿತ್ತು. ಚೌಕಾಕಾರದ ಬೆನ್ನು, ಕರಿ ಮೈ, ಹಳದಿ ತಲೆ, ಪದ್ಮಿನಿ ಟ್ಯಾಕ್ಸಿ.

ಹೋಟೆಲು ಮುಚ್ಚಿ ಬಂದ ತಂದೆ ಅಂಗಿ ಕಳಚುತ್ತ ಮಗನ ಹೆಗಲ ಮೇಲಿಂದ ಇಣಿಕಿದರು. ಬಹಳ ಹೊತ್ತು ನೋಡಿದರು.

“ಗೇರು ಅಲ್ಲಲ್ಲ ಮಗಾ” ಎಂದರು. “ಕೆಳಗೆ ಇರಲಿಲ್ಲ. ಸ್ಟಿಯರಿಂಗಿನ ಪಕ್ಕದಲ್ಲಿಯೇ ಇರುತ್ತಿತ್ತು.”

“ಹೌದಾ ಅಪ್ಪಯ್ಯ? ಮೀಟರು?”

“ಆಗಿನ ಮೀಟರು ಒಳಗಲ್ಲ, ಹೊರಗೆ. ಎಡಗಡೆ, ಮುಂದೆ. ತಡಿ, ತೋರಿಸುತ್ತೇನೆ” ಎಂದು ಅವರು ಚಪಾತಿಯ ಹಲಗೆಯನ್ನು ಸರಿಸಿ, ಕುರ್ಚಿಯೆಳೆದು, ಮಗನ ಪಕ್ಕದಲ್ಲಿ ಕುಳಿತರು.